ಊರ ನೀರಿಗೆ ಊರೇ ಕಾವಲು

ಸಂಜೆ ಕೆಲಸ ಮುಗಿಸಿ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಹಳ ಮಂದಿ ಪತ್ರಿಕೆ ಬಿಡಿಸಿದೊಡನೆ ಹುಡುಕುವುದು ಊರ ಕಡೆಯ ಮಳೆಯ ಸುದ್ದಿಯನ್ನು. ಈಚೆಗೆ ಕೋಲಾರದ ಕಡೆಯ ಓದುಗರೊಬ್ಬರು ಹಾಗೆ ಪತ್ರಿಕೆ ನೋಡುತ್ತ ಒಂದು ಮಾತು ಹೇಳಿದರು. ಹತ್ತು ವರ್ಷ ಪುಣೆಯಲ್ಲಿ ದುಡಿದು ಅವರು ಮನೆಗೆ ಕಳಿಸಿದ ಹಣದಲ್ಲಿ ಅವರ ಅಣ್ಣ ಮೂರು ಕೊಳವೆ ಬಾವಿ ಕೊರೆಸಿದರಂತೆ. ಮೊದಲನೆಯದು ಎರಡೇ ವರ್ಷಕ್ಕೆ ಬತ್ತಿತು. ಎರಡನೆಯದರಲ್ಲಿ ಬರಿಯ ಕಲ್ಲಿನ ಪುಡಿ ಬಂತು. ಮೂರನೆಯದರಲ್ಲಿ ನೀರು ಉಂಟು, ಆದರೆ ಬೇಕಾದಾಗ ಕರೆಂಟು ಇರುವುದಿಲ್ಲ. “ನನ್ನ ಸಂಬಳವೆಲ್ಲ ಪಾತಾಳ ಸೇರಿತು ಸ್ವಾಮಿ” ಎಂದು ಅವರು ನಕ್ಕರು. ನಮಗೆ ನಗು ಬರಲಿಲ್ಲ.

ನೀರು ಒಂದು ಇಲಾಖೆಯ ಕೆಲಸ, ವಿದ್ಯುತ್ತು ಇನ್ನೊಂದು ಇಲಾಖೆಯ ಕೆಲಸ ಎಂದು ನಾವು ತಿಳಿದಿದ್ದೇವೆ. ರೈತನ ಹೊಲದಲ್ಲಿ ಮಾತ್ರ ಎರಡೂ ಒಂದೇ ಗಂಟು. ಲೆಕ್ಕ ಸುಲಭವಾಗಿದೆ. ನೀರನ್ನು ಹತ್ತು ಮೀಟರು ಎತ್ತಲು ಬೇಕಾಗುವ ಶಕ್ತಿಯ ಮೂವತ್ತು ಪಟ್ಟು, ಅದನ್ನೇ ಮುನ್ನೂರು ಮೀಟರು ಎತ್ತಲು ಬೇಕು. ಮುನ್ನೂರು ಮೀಟರೆಂದರೆ ಸಾವಿರ ಅಡಿ. ಕೋಲಾರದ ಕಡೆ ಇದು ಈಗ ಅಪರೂಪದ ಆಳವಲ್ಲ. ಅಷ್ಟು ಆಳದಿಂದ ಸಾವಿರ ಲೀಟರು ನೀರು ಮೇಲೆ ಬರಬೇಕಾದರೆ, ಪಂಪಿನಲ್ಲಿ ಅರ್ಧದಷ್ಟು ಶಕ್ತಿ ನಷ್ಟವಾಗುವುದೆಂದು ಹಿಡಿದರೆ, ಒಂದೂವರೆ ಯೂನಿಟ್ಟಿಗೂ ಮೀರಿ ವಿದ್ಯುತ್ತು ಬೇಕಾಗುತ್ತದೆ. ನೀರು ಕೆಳಗಿಳಿದಷ್ಟೂ ಕರೆಂಟಿನ ಬೇಡಿಕೆ ಮೇಲೇರುತ್ತದೆ. ಕರ್ನಾಟಕದಲ್ಲಿ ೨೦೦೮ರಿಂದ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಇದರಿಂದ ಬಡ ರೈತನಿಗೆ ಆಸರೆಯಾದದ್ದು ನಿಜ. ಆದರೆ ಪಂಪು ನಿಲ್ಲಿಸಿ ನೀರು ಉಳಿಸಿದವನಿಗೆ ಅದರಿಂದ ಕಾಸಿನ ಲಾಭವೂ ಇಲ್ಲದಂತಾಯಿತು.

ಹಿಂದೆ ಇದೇ ಸೀಮೆ ಹೇಗೆ ಬದುಕಿತು? ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇದ್ದದ್ದು ಕೆರೆಗಳು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತಿತ್ತು. ಕೆರೆ ತುಂಬಿದ ವರ್ಷ ಸುತ್ತಲಿನ ತೆರೆದ ಬಾವಿಗಳಲ್ಲಿಯೂ ನೀರು ಏರುತ್ತಿತ್ತು. ತೂಬು ತೆಗೆಯುವವನು, ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವವನು ನೀರಗಂಟಿ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಪಾಲು ಸಲ್ಲುತ್ತಿತ್ತು. ಮಳೆ ಕಡಿಮೆಯಾದ ವರ್ಷ ಕೆಲವು ಊರುಗಳಲ್ಲಿ ‘ದಾಮಾಷ’ ಎಂಬ ಕ್ರಮವಿತ್ತು. ಅಚ್ಚುಕಟ್ಟಿಗೆಲ್ಲ ನೀರು ಸಾಲದೆಂದು ಕಂಡರೆ, ತೂಬಿನ ಹತ್ತಿರದ ಸ್ವಲ್ಪ ಭೂಮಿಯಲ್ಲಿ ಮಾತ್ರ ಬೆಳೆಯಿಡುವುದು. ಆ ಭೂಮಿಯನ್ನೇ ಎಲ್ಲ ಹಿಡುವಳಿದಾರರೂ ಅವರವರ ಹಿಡುವಳಿಗೆ ತಕ್ಕಂತೆ ಆ ವರ್ಷದ ಮಟ್ಟಿಗೆ ಹಂಚಿಕೊಳ್ಳುವುದು. ಒಬ್ಬನದು ಪೂರ್ತಿ ಒಣಗಿ ಇನ್ನೊಬ್ಬನದು ಪೂರ್ತಿ ಹಸಿರಾಗುವಂತಿರಲಿಲ್ಲ. ಪೆಟ್ಟು ಬಿದ್ದಾಗ ಅದನ್ನು ಎಲ್ಲರೂ ಹಂಚಿಕೊಂಡು ತಾಳುವ ಉಪಾಯವಿದು.

ಹಳೆಯದೆಲ್ಲ ಚಿನ್ನವೆಂದು ನಾವು ಹೇಳುತ್ತಿಲ್ಲ. ನೀರಗಂಟಿ ಎಷ್ಟೋ ಊರುಗಳಲ್ಲಿ ದಲಿತನು. ನೀರಿನ ಮರ್ಮವೆಲ್ಲ ಅವನಿಗೆ ತಿಳಿದಿದ್ದರೂ ಊರ ಕಟ್ಟೆಯ ಮೇಲೆ ಕುಳಿತು ಮಾತನಾಡುವ ಹಕ್ಕು ಅವನಿಗಿರಲಿಲ್ಲ. ನೀರು ಹೊರುವ ಹೆಂಗಸರನ್ನು ಯಾರೂ ಕೇಳುತ್ತಿರಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ೧೯೬೧ರ ಕಾಯಿದೆ ರದ್ದುಮಾಡಿದ್ದು ನ್ಯಾಯವೇ. ಆದರೆ ಹುದ್ದೆ ಹೋದ ಮೇಲೂ ಕೆಲಸ ಉಳಿದಿತ್ತು. ಅದನ್ನು ಯಾರು ಮಾಡಬೇಕೆಂದು ಎಷ್ಟೋ ಊರುಗಳಲ್ಲಿ ಗೊತ್ತಾಗಲೇ ಇಲ್ಲ. ಕೆರೆ ಸರ್ಕಾರದ್ದೆಂದು ಊರು ಕೈಬಿಟ್ಟಿತು. ಇಷ್ಟೊಂದು ಕೆರೆಗಳನ್ನು ಸರ್ಕಾರವಾದರೂ ಎಲ್ಲಿ ನೋಡೀತು? ರಾಜ್ಯದಲ್ಲಿ ಇರುವುದು ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳು. ಹೂಳು ತುಂಬಿತು, ಕಾಲುವೆ ಒತ್ತುವರಿಯಾಯಿತು, ಅವರವರ ಹೊಲದಲ್ಲಿ ಅವರವರ ಕೊಳವೆ ಬಾವಿ ಬಂತು.

ಕಳೆದುಕೊಂಡ ಹಿಡಿತವನ್ನು ಊರು ಮರಳಿ ಪಡೆಯಬಹುದೇ? ಇದಕ್ಕೆ ಉತ್ತರ ಹುಡುಕಲು ನಾವು ಪುಣೆಯಿಂದ ಬಹಳ ದೂರ ಹೋಗಬೇಕಾಗಿಲ್ಲ. ಅಹಮದನಗರ ಜಿಲ್ಲೆಯಲ್ಲಿ (ಈಗಿನ ಹೆಸರು ಅಹಿಲ್ಯಾನಗರ) ಹಿವರೆ ಬಾಜಾರ್ ಎಂಬ ಹಳ್ಳಿಯಿದೆ. ವರ್ಷಕ್ಕೆ ಸುಮಾರು ೪೦೦ ಮಿಲಿಮೀಟರು ಮಳೆ. ೧೯೭೨ರ ಬರದ ತರುವಾಯ ಅಲ್ಲಿನವರೂ ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಪುಣೆ, ಮುಂಬಯಿಗಳ ದಾರಿ ಹಿಡಿದಿದ್ದರು. ೧೯೯೦ರ ಹೊತ್ತಿಗೆ ಸರಪಂಚರಾದ ಪೋಪಟರಾವ್ ಪವಾರ್ ಅವರ ಮುಂದಾಳುತನದಲ್ಲಿ ಊರವರು ಶ್ರಮದಾನ ಮಾಡಿ ಗುಡ್ಡದ ಇಳಿಜಾರಿನಲ್ಲಿ ಕಂದಕ ತೋಡಿದರು, ಗಿಡ ನೆಟ್ಟರು, ಬಿಡುಮೇವು ನಿಲ್ಲಿಸಿದರು. ಅದಕ್ಕಿಂತಲೂ ಕಷ್ಟದ ಕೆಲಸವೆಂದರೆ ತಮಗೆ ತಾವೇ ಕಟ್ಟು ಹಾಕಿಕೊಂಡದ್ದು. ಬೇಸಾಯಕ್ಕೆ ಕೊಳವೆ ಬಾವಿ ಕೂಡದು. ಕಬ್ಬು, ಬಾಳೆಗಳಂಥ ನೀರು ಕುಡಿಯುವ ಬೆಳೆ ಕೂಡದು. ಪ್ರತಿವರ್ಷ ಬಿದ್ದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಗ್ರಾಮಸಭೆಯಲ್ಲಿ ಎಲ್ಲರೆದುರು ಲೆಕ್ಕ ಓದಿ, ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕಂತೆ ಬೆಳೆ ನಿಶ್ಚಯಿಸುತ್ತಾರೆ. ನಾವು ತಿಂಗಳ ಸಂಬಳದಲ್ಲಿ ಬಾಡಿಗೆ ತೆಗೆದಿಟ್ಟು ಉಳಿದದ್ದರಲ್ಲಿ ದಿನಸಿ ಚೀಟಿ ಬರೆಯುವುದಿಲ್ಲವೇ, ಹಾಗೆ. ವಲಸೆ ಹೋಗಿದ್ದ ಹಲವು ಕುಟುಂಬಗಳು ಊರಿಗೆ ಮರಳಿದವು.

ವಿದ್ಯುತ್ತಿನ ಕಡೆಯಿಂದಲೂ ಒಂದು ದೃಷ್ಟಾಂತವಿದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬಲ್ಲಿ ೨೦೧೬ರ ಸುಮಾರಿಗೆ ಆರು ಮಂದಿ ರೈತರು ಸೌರ ಪಂಪುಗಳನ್ನು ಹಾಕಿಕೊಂಡು ಒಂದು ಸಹಕಾರ ಸಂಘ ಕಟ್ಟಿದರು. ನೀರು ಬೇಕಾದಾಗ ಬಿಸಿಲಿನ ವಿದ್ಯುತ್ತಿನಿಂದ ಪಂಪು ನಡೆಯುತ್ತದೆ. ಬೇಡವಾದಾಗ ಅದೇ ವಿದ್ಯುತ್ತನ್ನು ಸಂಘ ವಿದ್ಯುತ್ ಕಂಪನಿಗೆ ಮಾರುತ್ತದೆ. ಸುಮ್ಮನೆ ಪಂಪು ಓಡಿಸಿದರೆ ಬರಬಹುದಾಗಿದ್ದ ಹಣ ನಷ್ಟ. ನೀರು ಉಳಿಸುವುದಕ್ಕೆ ರೈತನಿಗೆ ಕಾಸಿನ ಕಾರಣವೊಂದು ಸಿಕ್ಕಿತು. ಬರಿಯ ಸೌರ ಪಂಪು ಕೊಟ್ಟು, ಮಾರುವ ದಾರಿಯನ್ನೂ ಸಂಘವನ್ನೂ ಕೊಡದಿದ್ದರೆ ಹಗಲೆಲ್ಲ ಪುಕ್ಕಟೆ ನೀರೆತ್ತಿ ಅಂತರ್ಜಲ ಇನ್ನೂ ಬೇಗ ಬರಿದಾದೀತು. ಯಂತ್ರ ಒಂದೇ, ಕಟ್ಟುಪಾಡು ಬೇರೆಯಾದರೆ ಫಲ ಬೇರೆ.

ನಮ್ಮ ರಾಜ್ಯದಲ್ಲಿಯೂ ಪ್ರಯತ್ನ ನಡೆಯದೆ ಇಲ್ಲ. ೨೦೦೨ರಲ್ಲಿ ಜಲಸಂವರ್ಧನೆ ಯೋಜನೆ ಆರಂಭವಾಗಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ೨೦೧೮ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಯಲ್ಲಿ ನೀರು ಕಂಡರೆ ಯಾರಿಗೆ ಸಂತೋಷವಾಗದು? ಆದರೆ ಹೊರಗಿನಿಂದ ಬಂದ ನೀರೇ ಆಗಲಿ, ಹಣವೇ ಆಗಲಿ, ಅದನ್ನು ಕಾಯುವವರು ಊರಿನಲ್ಲಿಯೇ ಇರಬೇಕು. ನೀರಿನ ಗುಣವನ್ನು ಪರೀಕ್ಷೆ ಮಾಡಿದರೇ, ಫಲವೇನು ಎಂದು ಕೇಳುವ ಹಕ್ಕು ಊರಿಗಿರಬೇಕು. ಸಂಘದ ಪುಸ್ತಕದಲ್ಲಿ ಭೂಮಿಯಿಲ್ಲದವರ, ಹೆಂಗಸರ ಹೆಸರಿದ್ದರೆ ಸಾಲದು. ಅವರ ಮಾತೂ ಸಭೆಯಲ್ಲಿ ನಡೆಯಬೇಕು. ಇಲ್ಲದಿದ್ದರೆ ಹೊಸ ಸಂಘ ಹಳೆಯ ಕಟ್ಟೆಯೇ ಆದೀತು.

ದೂರದ ಊರಿನಲ್ಲಿ ಕುಳಿತ ನಾವು ಏನು ಮಾಡಬಹುದೆಂದು ಕೆಲವರು ಕೇಳಬಹುದು. ಮನೆಗೆ ಹೋಗುವ ಹಣ ನಮ್ಮದು; ಆದ್ದರಿಂದ ಮಾತಿಗೂ ಸ್ವಲ್ಪ ತೂಕವುಂಟು. ನಾಲ್ಕನೆಯ ಬಾವಿಗೆ ಹಣ ಬೇಕೆಂದು ಊರಿನಿಂದ ಫೋನು ಬಂದಾಗ, ಕೊಡುವ ಮೊದಲು ಮೂರು ಪ್ರಶ್ನೆ ಕೇಳೋಣ. ನಮ್ಮೂರ ಕೆರೆಗೆ ನೀರು ಬರುವ ಕಾಲುವೆ ತೆರೆದಿದೆಯೇ? ಊರಿನ ಬಾವಿಗಳ ನೀರಿನ ಮಟ್ಟವನ್ನು ಯಾರಾದರೂ ಅಳೆದು ಬರೆದಿಡುತ್ತಿದ್ದಾರೆಯೇ? ನೀರಿನ ವಿಷಯ ಗ್ರಾಮಸಭೆಯಲ್ಲಿ ಕೊನೆಯ ಬಾರಿ ಬಂದದ್ದು ಯಾವಾಗ? ಯುಗಾದಿಗೋ ಜಾತ್ರೆಗೋ ರಜೆಯ ಮೇಲೆ ಹೋದಾಗ ಒಮ್ಮೆ ಕೆರೆಯ ಏರಿಯ ಮೇಲೆ ನಡೆದು ಬರೋಣ. ಹಳೆಯ ನೀರಗಂಟಿಯ ಮನೆಯವರು ಇನ್ನೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿಸೋಣ.

ಆ ಕೋಲಾರದ ಓದುಗರು ಮೊನ್ನೆ ಮತ್ತೆ ಬಂದಿದ್ದರು. ಅಣ್ಣನಿಗೆ ಈ ಮೂರು ಪ್ರಶ್ನೆ ಕೇಳಿದರಂತೆ. ಮೊದಲನೆಯದಕ್ಕೇ ಅಣ್ಣ ಸುಮ್ಮನಾದರಂತೆ. ಕಾಲುವೆಯ ಸ್ವಲ್ಪ ಭಾಗ ಅವರ ಹೊಲದೊಳಗೇ ಸೇರಿಹೋಗಿದೆ! ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ಅವರಿಗೂ ತಿಳಿಯಿತು, ನಮಗೂ ತಿಳಿಯಿತು.