ವಿಪತ್ತಿನ ವೇಳೆ ಸಭೆಯ ಸೇವೆ: ನೆರವು ಮತ್ತು ಸಾಕ್ಷಿ

ವಿಪತ್ತಿನಲ್ಲಿ ನೊಂದವರಿಗೆ ಸಭೆಯು ನೀಡುವ ನೆರವು ಸುವಾರ್ತೆ ಸಾರುವುದಕ್ಕೆ ಪೀಠಿಕೆಯೋ, ಅಥವಾ ತನ್ನಷ್ಟಕ್ಕೆ ತಾನೇ ಪೂರ್ಣವಾದ ವಿಧೇಯತೆಯೋ? ಕರಾವಳಿಯ ಸಭಾಪಾಲಕರಿಗೆ ಇದು ದೂರದ ಪ್ರಶ್ನೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿತು. ಮಣ್ಣು ಗಂಗಾವಳಿಗೆ ನುಗ್ಗಿದಾಗ ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಸ್ಥಳೀಯರೂ ದಾರಿಹೋಕ ಚಾಲಕರೂ ಸೇರಿ 11 ಮಂದಿಯನ್ನು ಆ ದುರಂತ ಬಲಿ ತೆಗೆದುಕೊಂಡಿತು.

ಇಂಥ ಸಾವುಗಳಿಗೆ ಅರ್ಥ ಹೇಳುವ ಅವಸರ ಧರ್ಮಪೀಠಕ್ಕೆ ಸಲ್ಲದು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಇತರರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಕರ್ತನು ನಿರಾಕರಿಸಿ, ಮಾನಸಾಂತರದ ಕರೆಯನ್ನು ಬದುಕಿರುವವರ ಕಡೆಗೆ ತಿರುಗಿಸಿದನು (ಲೂಕ 13). ಸತ್ತವರ ಮೇಲೆ ತೀರ್ಪು ನುಡಿಯುವ ಬದಲು, ಗುಡ್ಡಗಳನ್ನು ಕಡಿದಾಗಿ ಕತ್ತರಿಸುವ ನಮ್ಮ ಅಭಿವೃದ್ಧಿಯ ಕ್ರಮವನ್ನು ಪ್ರಶ್ನಿಸುವುದು ಆ ಕರೆಗೆ ಒಪ್ಪುವ ಉತ್ತರ.

ಎರಡನೆಯ ಅಪಾಯ, ನೆರವಿಗೆ ಬೆಲೆ ಕಟ್ಟುವುದು. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 1976ರ ಫೆಬ್ರವರಿ 4ರ ಭೂಕಂಪದಲ್ಲಿ ಸುಮಾರು 23,000 ಜನ ಸತ್ತರು. ಪ್ರೊಟೆಸ್ಟೆಂಟ್ ಮಿಷನ್‌ಗಳು ಮನೆ ಕಟ್ಟಲು ನೆರವಾದವು. ಆ ಸಭೆಗಳು ವೇಗವಾಗಿ ಬೆಳೆದವು. ತಗಡಿನ ಹಾಳೆಗೆ ಆತ್ಮವನ್ನು ಕೊಂಡರೆಂಬ ಕಟಕಿಯೂ ಜೊತೆಗೇ ಹುಟ್ಟಿತು. ಕೊಟ್ಟವರಲ್ಲಿ ಬಹುಮಂದಿ ಪ್ರಾಮಾಣಿಕರೇ ಇದ್ದಿರಬೇಕು. ಆದರೂ ಸೂರಿಲ್ಲದವನ ಒಪ್ಪಿಗೆ ಎಷ್ಟು ಸ್ವತಂತ್ರವೆಂಬ ಸಂಶಯ ಉಳಿಯಿತು. ನಮ್ಮ ನಾಡಿನಲ್ಲಿಯೂ 1876–78ರ ಬರಗಾಲದಲ್ಲಿ ಬಾಸೆಲ್ ಮಿಷನ್ ಅನಾಥ ಮಕ್ಕಳಿಗೆ ಆಶ್ರಯವಿತ್ತಿತು. ಅದು ಕರುಣೆಯ ಚರಿತ್ರೆ. ಹೌದೆನ್ನಲು ಅಥವಾ ಅಲ್ಲವೆನ್ನಲು ಶಕ್ತಿಯಿಲ್ಲದ ಮಕ್ಕಳ ಚರಿತ್ರೆಯೂ ಹೌದು. ಎರಡನ್ನೂ ಒಟ್ಟಿಗೆ ಓದುವುದು ನಮ್ಮ ಕರ್ತವ್ಯ.

ಅಪೊಸ್ತಲರ ಕೃತ್ಯಗಳಲ್ಲಿ ಎರಡು ಮಾದರಿಗಳಿವೆ. ಕ್ಷಾಮದ ಮುನ್ಸೂಚನೆ ಕೇಳಿದ ಅಂತಿಯೋಕ್ಯದ ಶಿಷ್ಯರು ಶಕ್ತ್ಯನುಸಾರ ಯೂದಾಯದ ಸಹೋದರರಿಗೆ ನೆರವು ಕಳುಹಿಸಿದರು (11ನೆಯ ಅಧ್ಯಾಯ). ಇದು ಸಭೆಯೊಳಗಿನ ಹಂಚಿಕೆ. ಮೆಲೀತೆಯಲ್ಲಾದರೋ ಹಡಗೊಡೆದು ದಡ ಸೇರಿದ 276 ಮಂದಿಗೆ ದ್ವೀಪದವರು ಮಳೆ ಚಳಿಯಲ್ಲಿ ಬೆಂಕಿ ಹೊತ್ತಿಸಿದರು (28ನೆಯ ಅಧ್ಯಾಯ). ಅಲ್ಲಿ ಪೌಲನು ಮೊದಲು ನೆರವು ಪಡೆದವನು. ಆಮೇಲೆ ರೋಗಿಗಳಿಗಾಗಿ ಪ್ರಾರ್ಥಿಸಿದವನು. ಆ ಮೂರು ತಿಂಗಳಲ್ಲಿ ಒಂದು ಪ್ರಸಂಗವನ್ನಾಗಲಿ ಒಂದು ದೀಕ್ಷಾಸ್ನಾನವನ್ನಾಗಲಿ ಲೂಕನು ದಾಖಲಿಸುವುದಿಲ್ಲ. ಆದರೂ ಅದು ಅಪೊಸ್ತಲನ ಸೇವೆಯ ಭಾಗವೇ. ಸೇವೆಯು ಫಲದ ಎಣಿಕೆಯಿಂದ ಸಾರ್ಥಕವಾಗುವುದಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಾರವಾರದ ಬೈತಖೋಲ ಬಂದರಿನ ಹೆಸರು ಸುರಕ್ಷಿತ ಕೊಲ್ಲಿ ಎಂಬರ್ಥದ ಅರಬ್ಬಿ ಮಾತಿನಿಂದ ಬಂದಿತೆಂದು ಹೇಳುವುದುಂಟು. ಬಿರುಗಾಳಿಯಲ್ಲಿ ಅಲ್ಲಿಗೆ ಬರುವ ದೋಣಿಯ ಯಜಮಾನನ ಮತವನ್ನು ಯಾರೂ ವಿಚಾರಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮಳೆಗಾಲದ ವಿಪತ್ತು ಮೀನುಗಾರರ ಮನೆಗೆ ಸಂಪಾದನೆಯಿಲ್ಲದ ದಿನಗಳಲ್ಲೇ ಎರಗುತ್ತದೆ. ಮೊದಲ ವಾರದ ಅಕ್ಕಿ ಚೀಲದಿಂದಷ್ಟೇ ಆ ಕೊರತೆ ತುಂಬದು.

ಆದುದರಿಂದ ಸಭೆಗಳು ಕೆಲವು ನಿಯಮಗಳನ್ನು ಮುಂಚಿತವಾಗಿಯೇ ಒಪ್ಪಿಕೊಳ್ಳುವುದು ಒಳಿತು. ಫಲಾನುಭವಿಗಳ ಪಟ್ಟಿಯನ್ನು ಪಂಚಾಯಿತಿಯವರೊಡನೆ ಕೂಡಿ, ಜಾತಿ ಮತ ನೋಡದೆ ತಯಾರಿಸಬೇಕು. ಆರಾಧನೆಯ ವೇಳೆ ವಿತರಣೆ ಬೇಡ. ಧಾನ್ಯದೊಡನೆ ಕರಪತ್ರ ಬೇಡ. ಪಡೆಯುವವರ ಛಾಯಾಚಿತ್ರ ಬೇಡ. ಪರಿಹಾರದ ಅರ್ಜಿ ಬರೆದುಕೊಡಲು, ದುಃಖಿತರ ಬಳಿ ಕುಳಿತುಕೊಳ್ಳಲು, ಮಕ್ಕಳ ಓದು ಮುಂದುವರಿಸಲು ತಿಂಗಳುಗಟ್ಟಲೆ ಉಳಿಯುವವರು ಬೇಕು. ನಮ್ಮ ನಿರೀಕ್ಷೆಗೆ ಕಾರಣವೇನೆಂದು ಯಾರಾದರೂ ತಾವಾಗಿ ಕೇಳಿದರೆ, ಸಾತ್ವಿಕತ್ವದಿಂದ ಉತ್ತರಿಸಲು ನಾವು ಸಿದ್ಧರಿರಬೇಕು. ಕೇಳದಿದ್ದರೂ ಸೇವೆ ನಿಲ್ಲಬಾರದು.