ಹಳೆಯ ಓಮ್ನಿಯಲ್ಲಿ ಸಣ್ಣ ಸದ್ದು: ಊರಿಗೆ ಹೊರಡುವ ಮುನ್ನ ಮೂಲ ಪತ್ತೆ ಹಚ್ಚುವುದು ಹೇಗೆ?

ಪುಣೆ: ವಾಕಡದ ಭೂಮ್ಕರ್ ಚೌಕದ ಟ್ರಾಫಿಕ್‌ನಲ್ಲಿ ಕೇಳಿಸದ ಸದ್ದು, ಗಾಡಿ ಮುಂಬೈ–ಬೆಂಗಳೂರು ಹೆದ್ದಾರಿಗೆ ಏರಿ ವೇಗ ಹಿಡಿಯುತ್ತಿದ್ದಂತೆ ಕಾಡತೊಡಗುತ್ತದೆ. ಹಳೆಯ ಮಾರುತಿ ಓಮ್ನಿಯಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುವವರಿಗೆ ಇದು ಹೊಸದೇನಲ್ಲ. 'ಹಳೇ ಗಾಡಿ, ಸದ್ದು ಇದ್ದದ್ದೇ' ಎಂದು ಸುಮ್ಮನಾಗುವವರೂ ಇದ್ದಾರೆ. ಆದರೆ ಅದು ಸಡಿಲಗೊಂಡ ಜಾಕ್‌ನ ಸದ್ದೂ ಆಗಿರಬಹುದು, ಸವೆದ ಚಕ್ರದ ಬೇರಿಂಗ್‌ನ ಸದ್ದೂ ಆಗಿರಬಹುದು.

1984ರಲ್ಲಿ ಮಾರುಕಟ್ಟೆಗೆ ಬಂದ ಈ ವ್ಯಾನ್‌ನ ತಯಾರಿಕೆ 2019ರಲ್ಲಿ ನಿಂತಿತು. ಇದರ 796 ಸಿಸಿ, 3 ಸಿಲಿಂಡರ್ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಹೀಗಾಗಿ ಚಾಲಕನಿಗೆ ಹಿಂಬದಿಯ ಸಣ್ಣ ಸದ್ದು ಸುಲಭವಾಗಿ ಕೇಳಿಸದು. ಹಿಂದೆ ಕುಳಿತವರ ಮಾತಿಗೆ ಕಿವಿಗೊಡುವುದೇ ವಾಸಿ.

ಮೊದಲು ವ್ಯಾನ್ ಪೂರ್ತಿ ಖಾಲಿ ಮಾಡಿ. ಜಾಕ್, ಪಾನಾ, ಸೀಟಿನಡಿ ಉರುಳುವ ನೀರಿನ ಬಾಟಲಿ, ಎಲ್ಲವನ್ನೂ ತೆಗೆಯಿರಿ. ಸರಿಯುವ ಬಾಗಿಲುಗಳನ್ನು ಅಲುಗಾಡಿಸಿ ನೋಡಿ. ಅನೇಕ 'ನಿಗೂಢ' ಸದ್ದುಗಳು ಇಲ್ಲಿಗೇ ಮುಗಿಯುತ್ತವೆ.

ಮುಗಿಯದಿದ್ದರೆ, ಸದ್ದು ಯಾವುದರ ಜೊತೆ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಲರೇಟರ್ ನಿಧಾನವಾಗಿ ಒತ್ತಿ. ಆಗಲೂ ಸದ್ದು ಬಂದರೆ ಎಂಜಿನ್, ಬೆಲ್ಟ್ ಅಥವಾ ಸೈಲೆನ್ಸರ್ ಕಡೆ ನೋಡಬೇಕು. ಓಡುವಾಗ ಮಾತ್ರ ಬರುತ್ತಿದ್ದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಕ್ಷಣಕಾಲ ಕ್ಲಚ್ ತುಳಿಯಿರಿ. ಎಂಜಿನ್ ವೇಗ ಇಳಿದರೂ ಸದ್ದು ಹಾಗೆಯೇ ಉಳಿದರೆ ಅದು ಚಕ್ರದ ಜೊತೆ ತಿರುಗುವ ಭಾಗದ್ದು: ಟೈರ್, ಬೇರಿಂಗ್ ಅಥವಾ ಪ್ರೊಪೆಲ್ಲರ್ ಶಾಫ್ಟ್.

ಈ ಶಾಫ್ಟ್ ಅನ್ನು ಮರೆಯುವವರೇ ಹೆಚ್ಚು. ಈಗಿನ ಸಣ್ಣ ಕಾರುಗಳಲ್ಲಿ ಎಂಜಿನ್ ಶಕ್ತಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಹೋದರೆ, ಓಮ್ನಿಯಲ್ಲಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ನಡುವಿನ ಶಾಫ್ಟ್‌ನ ಜಾಯಿಂಟ್ ಒಣಗಿದರೆ ವೇಗದ ಜೊತೆ ಏರುವ ಕಿರಕಿರ ಸದ್ದು, ಸವೆದರೆ ಗಾಡಿ ಹೊರಡುವಾಗ ಅಥವಾ ರಿವರ್ಸ್ ಹಾಕಿದಾಗ 'ಟಕ್' ಎಂಬ ಸದ್ದು ಬರುತ್ತದೆ. ಬೇರಿಂಗ್‌ನದ್ದು ಗುಂಯ್‌ಗುಡುವ ಸದ್ದು. ಎಡಕ್ಕೆ ತಿರುಗುವಾಗ ಅದು ಹೆಚ್ಚಾದರೆ, ಭಾರ ಬಲಕ್ಕೆ ವಾಲುವುದರಿಂದ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಹಂಪ್ ಹಾರಿದಾಗ ಮಾತ್ರ ಕಿರುಗುಟ್ಟಿದರೆ ಹಿಂದಿನ ಪಟ್ಟಿ ಸ್ಪ್ರಿಂಗ್‌ನ ಬುಷ್ ನೋಡಿಸಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ತೂರಬೇಡಿ.

ಗ್ಯಾರೇಜ್‌ನಲ್ಲಿ 'ಏನೋ ಆವಾಜ್ ಬರ್ತಿದೆ' ಎಂದರೆ ಮೆಕ್ಯಾನಿಕ್‌ಗೆ ಏನೂ ತಿಳಿಯದು. ಎಷ್ಟು ವೇಗದಲ್ಲಿ, ಯಾವ ತಿರುವಿನಲ್ಲಿ, ಬ್ರೇಕ್ ತುಳಿದಾಗಲೋ ಬಿಟ್ಟಾಗಲೋ ಎಂದು ಹೇಳಿ. ಹಿಂದಿನ ಸೀಟಿನಿಂದ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಅನುಕೂಲ.

ಗುಂಯ್‌ಗುಡುವ ಬೇರಿಂಗ್, ಬ್ರೇಕ್ ತುಳಿದಾಗ ಲೋಹ ಉಜ್ಜಿದಂಥ ಸದ್ದು, ಇವೆರಡಿದ್ದರೆ ಪ್ರಯಾಣ ಮುಂದೂಡಿ. ಊರಿಂದ ವಾಪಸ್ ಬರುವಾಗ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೂ ಇಳಿಜಾರು. ಸರಣಿ ಅಪಘಾತಗಳಿಂದ ಸುದ್ದಿಯಾಗುವ ಜಾಗವದು. ಸದ್ದು ಆಲಿಸುವ ನೆಪದಲ್ಲಿ ಅಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವುದಾಗಲಿ, ಕ್ಲಚ್ ಒತ್ತಿಹಿಡಿಯುವುದಾಗಲಿ ಬೇಡ.