ಮದ್ದಿತ್ತು, ಅಪ್ಪಣೆ ಇರಲಿಲ್ಲ

ಹೆರಾಯಿನ್‌ನಂಥ ಅಫೀಮು ಜಾತಿಯ ವಸ್ತು ಮಿತಿಮೀರಿದಾಗ ಮನುಷ್ಯ ಸಾಯುವುದು ಉಸಿರು ನಿಂತು. ಮಿದುಳಿನಲ್ಲಿ ವಿಷ ಹಿಡಿದ ಜಾಗದಿಂದ ಅದನ್ನು ಹೊರದೂಡಿ, ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸುವ ಔಷಧಿ ನಲಾಕ್ಸೋನ್. ಅಮೆರಿಕದಲ್ಲಿ ಇದಕ್ಕೆ 1971ರಲ್ಲೇ ಒಪ್ಪಿಗೆ ದೊರೆತಿತ್ತು.

ತೊಡಕು ಇದ್ದದ್ದು ಕಾನೂನಿನಲ್ಲಿ. ಇದು ವೈದ್ಯರ ಚೀಟಿಯ ಮದ್ದು. ಚೀಟಿ ಬರೆಯಬೇಕಾದದ್ದು ರೋಗಿಯ ಹೆಸರಿಗೆ. ಬಿದ್ದವನ ಬಳಿಗೆ ಎಷ್ಟೋ ಸಲ ಮೊದಲು ತಲುಪುವವನು ಪೊಲೀಸ್ ಪೇದೆ. ಯಾರೋ ಅಪರಿಚಿತನಿಗೆ ಬೇಕಾದೀತೆಂದು ಅವನು ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಹೇಗೆ? ಹೆಚ್ಚುಕಡಿಮೆಯಾದರೆ ಮೊಕದ್ದಮೆಯ ಭಯ ಬೇರೆ. ಮಾದಕ ಸೇವಿಸದವನಿಗೆ ಕೊಟ್ಟರೂ ಅಪಾಯ ಮಾಡದ ಮದ್ದಿಗೆ ಇಷ್ಟು ಬೇಲಿ!

ಈ ಗಂಟನ್ನು ಮೊದಲು ಸಡಿಲಿಸಿದ್ದು ನ್ಯೂ ಮೆಕ್ಸಿಕೊ ರಾಜ್ಯ, 2001ರಲ್ಲಿ. ಸದುದ್ದೇಶದಿಂದ, ಎಚ್ಚರವಹಿಸಿ ಮದ್ದು ಕೊಟ್ಟವರಿಗೆ, ಅವರು ವೈದ್ಯರಲ್ಲದಿದ್ದರೂ, ಶಾಸನ ರಕ್ಷಣೆ ನೀಡಿತು. 2010ರಲ್ಲಿ ಮ್ಯಾಸಚುಸೆಟ್ಸ್‌ನ ಕ್ವಿನ್ಸಿ ಊರಿನ ಪೊಲೀಸರು ಮೂಗಿಗೆ ಸಿಂಪಡಿಸುವ ನಲಾಕ್ಸೋನ್ ಜೊತೆಗಿಟ್ಟುಕೊಂಡೇ ಗಸ್ತು ತಿರುಗತೊಡಗಿದರು. ಉಳಿದ ರಾಜ್ಯಗಳೂ ಒಂದೊಂದಾಗಿ ಕಾನೂನು ತಿದ್ದಿದವು. ರೋಗಿಯ ಹೆಸರೇ ಇಲ್ಲದೆ, ಒಬ್ಬ ವೈದ್ಯರ ಒಂದೇ ಆದೇಶದ ಮೇಲೆ ಇಡೀ ಪಡೆಗೆ ಮದ್ದು ಒದಗಿಸುವ ವಿಚಿತ್ರ ಏರ್ಪಾಡೂ ಬಂತು.

2023ರ ಮಾರ್ಚ್‌ನಲ್ಲಿ ಮೂಗಿನ ಸಿಂಪಡಿಕೆಯನ್ನು ಚೀಟಿಯಿಲ್ಲದೆ ಮಾರಲು ಅಲ್ಲಿನ ಔಷಧ ಆಡಳಿತ ಒಪ್ಪಿತು. ಆದರೂ ಬದುಕಿ ಎದ್ದವನನ್ನು ಆಸ್ಪತ್ರೆಗೆ ಒಯ್ಯಲೇಬೇಕು. ಮದ್ದಿನ ಪ್ರಭಾವ ವಿಷಕ್ಕಿಂತ ಮೊದಲೇ ಇಳಿದುಹೋಗಬಹುದು.